ಪದಚರ್ಚೆ: ಮರದ ಅಡುಗೆಕಟ್ಟೆಗೆ ಸ್ಟೇನ್, ಫಿನಿಶ್, ಕ್ಯೂರ್ – ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಪೈನ್ ಅಥವಾ ತೇಗದ ಹಲಗೆ ಜೋಡಿಸಿ ಮನೆಯಲ್ಲೇ ಅಡುಗೆಕಟ್ಟೆ ಮಾಡಿಕೊಳ್ಳುವವರಿಗೆ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ನಿಘಂಟಿನಲ್ಲಿ ಸ್ಟೇನ್ ಎಂದರೆ ‘ಕಲೆ’, ಫಿನಿಶ್ ಎಂದರೆ ‘ಮುಕ್ತಾಯ’. ‘ಹಲಗೆಗೆ ಕಲೆ ಹಚ್ಚಿ’ ಎಂದು ಬರೆಯುವಂತಿಲ್ಲ. ಬಡಗಿಗಳು ಎಲ್ಲಕ್ಕೂ ‘ಪಾಲಿಶ್’ ಅನ್ನುತ್ತಾರೆ. ಓದಿದವರು ತಪ್ಪು ಡಬ್ಬಿ ಕೊಳ್ಳದಂತೆ ಯಾವ ಪದ ಬಳಸಬೇಕು? ‘ಕ್ಯೂರ್’ ಪದಕ್ಕೂ ಸಲಹೆ ಬೇಕು.

ಉತ್ತರ 1:
ನಾಮಪದ ಹುಡುಕುವ ಮೊದಲು ಕ್ರಿಯಾಪದ ಗೊತ್ತುಮಾಡಿಕೊಳ್ಳಿ. ಪೇಂಟನ್ನು ಬಳಿಯುತ್ತೇವೆ, ಅದು ಮೇಲೆ ಕೂರುತ್ತದೆ. ಸ್ಟೇನ್ ಮರದೊಳಗೆ ಇಳಿಯುತ್ತದೆ, ಎಳೆ ಕಾಣುತ್ತಲೇ ಇರುತ್ತದೆ. ಅದಕ್ಕೆ ‘ಬಣ್ಣ ಹಿಡಿಸು’ ಸರಿ. ಡಬ್ಬಿಯ ಹೆಸರು ‘ವುಡ್ ಸ್ಟೇನ್’ ಎಂದೇ ಇರಲಿ, ಅಂಗಡಿಯಲ್ಲಿ ಕೇಳಬೇಕಾದದ್ದು ಅದನ್ನೇ. ಸ್ಟೇನ್ ಬಣ್ಣ ಕೊಡುತ್ತದೆ, ನೀರು ತಡೆಯುವುದಿಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

‘ಹಿಡಿಸು’ ಅಂದರೆ ವಿಧಾನವೂ ತಿಳಿಯುತ್ತದೆ: 120, 150, 180 ನಂಬರಿನ ಉಜ್ಜುಕಾಗದದಿಂದ (ನಂಬರ್ ಹೆಚ್ಚಿದಷ್ಟೂ ನುಣುಪು) ಎಳೆಯ ದಿಕ್ಕಿಗೆ ಉಜ್ಜಿ, ದೂಳು ತೆಗೆದು, ಬಟ್ಟೆಯಿಂದ ಸ್ಟೇನ್ ಹಚ್ಚಿ, ಕೆಲವು ನಿಮಿಷ ಬಿಟ್ಟು, ಮರ ಹಿಡಿಯದೆ ಮಿಕ್ಕಿದ್ದನ್ನು ಪೂರ್ತಿ ಒರೆಸಬೇಕು. ಒರೆಸದೆ ಬಿಟ್ಟರೆ ಅಂಟಂಟಾಗಿ ಉಳಿದು ಮೇಲಿನ ಲೇಪ ಸುಲಿದು ಬರುತ್ತದೆ. ಇನ್ನೂ ನುಣುಪಾಗಲಿ ಎಂದು 320ರವರೆಗೆ ಉಜ್ಜಿದರೆ ಬಣ್ಣ ಹಿಡಿಯುವುದೇ ಕಡಿಮೆ.

ಪೈನ್ ಎಲ್ಲ ಕಡೆ ಒಂದೇ ಸಮ ಹೀರುವುದಿಲ್ಲ, ತೇಪೆತೇಪೆಯಾಗುತ್ತದೆ. ಮೊದಲು ತೆಳು ಅರಗಿನ ಕೋಟ್ ಒಂದು ಕೊಡಿ: ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ, ಮೇಣ ತೆಗೆದ ಅರಗು. ಮೇಣವಿದ್ದರೆ ಮೇಲೆ ಹಚ್ಚುವ ಪಾಲಿಯುರಥೇನ್ (ಗಟ್ಟಿ ಪೊರೆ ಕಟ್ಟುವ ವಾರ್ನಿಶ್) ಸರಿಯಾಗಿ ಹಿಡಿಯುವುದಿಲ್ಲ. ಹಲಗೆಯ ಕೊಯ್ದ ತುದಿ ಹೆಚ್ಚು ಕುಡಿದು ಕಪ್ಪಾಗುತ್ತದೆ, ಅಲ್ಲಿ 220ರವರೆಗೆ ಉಜ್ಜಬಹುದು. ತೇಗಕ್ಕೆ ಸ್ಟೇನ್ ಬೇಕೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಬಣ್ಣ ಮುಚ್ಚುವುದು ನಷ್ಟ.

ಉತ್ತರ 2:
ಫಿನಿಶ್‌ಗೆ ‘ಮೆರುಗು’ ಬೇಡ. ಮ್ಯಾಟ್ ಫಿನಿಶ್‌ನಲ್ಲಿ ಮೆರುಗಿಲ್ಲ. ‘ಮೆರುಗೆಣ್ಣೆ’ ವಾರ್ನಿಶ್‌ಗೆ ಸಂದ ಹಳೆಯ ಪದ, ಅಲ್ಲಿಗೇ ಇರಲಿ. ಫಿನಿಶ್ ಎರಡು ಬಗೆ, ಎರಡು ಪದ ಇಡಿ: ಮೇಲೆ ಪೊರೆ ಕಟ್ಟುವುದು ‘ಲೇಪ’, ಒಳಗೆ ಇಳಿಯುವುದಕ್ಕೆ ‘ಎಣ್ಣೆ ಕುಡಿಸು’.

ಸಿಂಕ್ ಪಕ್ಕದ ಕಟ್ಟೆಗೆ ಲೇಪವೇ ಸರಿ. ಎಣ್ಣೆ ಮೂಲದ ಪಾಲಿಯುರಥೇನ್ ತೆಳುವಾಗಿ ಮೂರು ಕೋಟ್, ನಡುವೆ ಒಂದೊಂದು ದಿನ ಬಿಟ್ಟು 320ರಲ್ಲಿ ಹಗುರವಾಗಿ ಉಜ್ಜಿ. ತೇಗದಲ್ಲಿ ಸಹಜ ಎಣ್ಣೆ ಇದೆ. ಹಚ್ಚುವ ಮುಂಚೆ ಅಸಿಟೋನ್‌ನಿಂದ ಒರೆಸದಿದ್ದರೆ ಲೇಪ ಒಣಗಲು ತಡವಾಗುತ್ತದೆ, ಸರಿಯಾಗಿ ಕಚ್ಚುವುದೂ ಇಲ್ಲ. ಹಲಗೆಯ ಅಡಿಗೂ ಸಿಂಕ್‌ಗೆ ಕೊರೆದ ಅಂಚಿಗೂ ಅಷ್ಟೇ ಕೋಟ್ ಬೇಕು. ಒಂದೇ ಮೈ ತೇವ ಹೀರಿದರೆ ಹಲಗೆ ಬಾಗುತ್ತದೆ. ಅರಗಿನ ಫ್ರೆಂಚ್ ಪಾಲಿಶ್ ಚೆಂದ, ಆದರೆ ಬಿಸಿ ಪಾತ್ರೆ ಇಟ್ಟಲ್ಲಿ ಬಿಳಿ ಉಂಗುರ ಮೂಡುತ್ತದೆ, ಅಡುಗೆಮನೆಗೆ ಸಲ್ಲದು.

ತರಕಾರಿ ಹೆಚ್ಚುವ ಜಾಗಕ್ಕೆ ಲೇಪ ಬೇಡ, ಚಾಕು ಅದನ್ನು ಎಬ್ಬಿಸುತ್ತದೆ. ಅಲ್ಲಿ ಎಣ್ಣೆ ಕುಡಿಸಿ. ಬರೀ ‘ಎಣ್ಣೆ’ ಎಂದು ಬರೆದರೆ ಜನ ಕಡಲೆಕಾಯಿ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚುತ್ತಾರೆ. ಅವು ಗಟ್ಟಿಯಾಗುವುದಿಲ್ಲ, ಕನರುತ್ತವೆ. ‘ಒಣಗುವ ಎಣ್ಣೆ’ ಎಂದು ಬರೆದು ಅಗಸೆ ಎಣ್ಣೆ, ಟಂಗ್ ಎಣ್ಣೆ (ಟಂಗ್ ಮರದ ಬೀಜದ್ದು) ಹೆಸರಿಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಬೇಕು. ಈ ಮಾತು ದಪ್ಪಕ್ಷರದಲ್ಲಿರಲಿ.

ಉತ್ತರ 3:
‘ಕ್ಯೂರಿಂಗ್’ ಅಂತ ಹಾಗೇ ಬಿಡಬೇಡಿ. ಮನೆ ಕಟ್ಟಿಸಿದವರಿಗೆಲ್ಲ ಕ್ಯೂರಿಂಗ್ ಅಂದರೆ ಕಾಂಕ್ರೀಟಿಗೆ ನೀರು ಹಾಕುವುದು. ಇಲ್ಲಿ ನೀರೇ ಶತ್ರು. ‘ಒಣಗು’ ಕೂಡ ಸಾಲದು, ಮುಟ್ಟಿದರೆ ಅಂಟದಿರುವುದು ಅಷ್ಟೇ ಅದರರ್ಥ. ‘ಬಲಿಯುವುದು’ (ಒಳಗಿನವರೆಗೂ ಗಟ್ಟಿಯಾಗುವುದು) ಎನ್ನೋಣ: ‘ಲೇಪ ಒಂದು ದಿನದಲ್ಲಿ ಒಣಗುತ್ತದೆ, ಪೂರ್ತಿ ಬಲಿಯಲು ಸುಮಾರು ಒಂದು ತಿಂಗಳು ಬೇಕು. ಅಲ್ಲಿಯತನಕ ಬಿಸಿ ಪಾತ್ರೆ, ಒದ್ದೆ ಬಟ್ಟೆ ಇಡಬೇಡಿ, ಅರಿಶಿನ ಬಿದ್ದರೆ ತಕ್ಷಣ ಒರೆಸಿ.’