ಮಕ್ಕಳಾಗದ ಹಾಗೆ ಮಾಡಿಸೋ ಆಪರೇಷನ್ ಅಂದ್ರೆ ಯಾವಾಗಲೂ ಹೆಂಗಸರಿಗೇ ಯಾಕೆ? ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದವರು ಹೇಳಿ

ರೇಷ್ಮೆಗೂಡು: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಎನ್‌ಎಫ್‌ಎಚ್‌ಎಸ್-5 (2019–21) ನೋಡಿ. ಕರ್ನಾಟಕದಲ್ಲಿ ಹೆಂಗಸರ ಆಪರೇಷನ್ ಶೇ 57, ಗಂಡಸರದು ಸೊನ್ನೆ. ಗಂಡಸರಿಗೆ ಮಾಡೋ ಎನ್‌ಎಸ್‌ವಿ ಆಪರೇಷನ್‌ಗೆ ಚಾಕುವೂ ಬೇಡ, ಹೊಲಿಗೆಯೂ ಬೇಡ, ಕಾಲು ಗಂಟೆ ಸಾಕು.

ಚಿಂತಾಮಣಿಯವ: "ಕಾಲು ಗಂಟೆ" ಸರಿ, ಆಮೇಲಿನ ಮೂರು ತಿಂಗಳು? ವೀರ್ಯ ಪರೀಕ್ಷೆ ಆಗೋವರೆಗೂ ಕಾಂಡೋಮ್ ಬೇಕೇ ಬೇಕು. ಇವನು ಹಾಕಲ್ಲ, ಅವಳು ಬಸುರಿ ಆಗ್ತಾಳೆ, ಊರಿಗೆಲ್ಲ ಅವಳ ಮೇಲೇ ಗುಮಾನಿ. ಹೆಂಗಸರದ್ದಾದರೆ ಹೆರಿಗೆಯಾದ ಏಳು ದಿನದೊಳಗೆ ಅಲ್ಲೇ ಮುಗಿಯುತ್ತೆ.

ಜಯಾ: "ಅಲ್ಲೇ ಮುಗಿಯುತ್ತೆ"?! ಏಳನೇ ದಿನ ಹೊಲಿಗೆ ಬಿಚ್ಚಬೇಕು, ಪೂರ್ತಿ ಕೆಲಸಕ್ಕೆ ಮರಳೋಕೆ ಎರಡು ವಾರ. ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ರೇಷ್ಮೆ ಹುಳಕ್ಕೆ ಸೊಪ್ಪಿನ ಹೊರೆ ಯಾರು ಹೊರೋದು? ಗಂಡಸು 48 ಗಂಟೆಗೆ ಕೆಲಸಕ್ಕೆ ಹೋಗಬಹುದು, ವಾರಕ್ಕೆ ಸೈಕಲ್ಲೂ ತುಳೀಬಹುದು.

ಕೋಲಾರದ ಮೇಷ್ಟ್ರು: ಹೆಂಗಸರದ್ದೂ ಅಷ್ಟು ಸಲೀಸಲ್ಲ. ಗಂಡ ಸಹಿ ಹಾಕದೆ ಯಾವ ಆಸ್ಪತ್ರೆಯೂ ಮುಟ್ಟಲ್ಲ.

ಜಯಾ: ಶುದ್ಧ ಸುಳ್ಳು. ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಡನ ಒಪ್ಪಿಗೆ ಬೇಕಿಲ್ಲ. ಮದುವೆಯಾಗಿರಬೇಕು, ವಯಸ್ಸು 22ರಿಂದ 49, ವರ್ಷ ದಾಟಿದ ಒಂದು ಮಗು ಇರಬೇಕು. ಸಹಿ ಅವಳದೇ.

ಕೋಲಾರದ ಮೇಷ್ಟ್ರು: ಮಾರ್ಗಸೂಚಿ ದೆಹಲಿಯಲ್ಲಿ ಭದ್ರವಾಗಿದೆ ತಾಯಿ. ವಾರ್ಡಲ್ಲಿ ಮೊದಲ ಪ್ರಶ್ನೆ "ಯಜಮಾನರು ಎಲ್ಲಮ್ಮಾ?" ಅಂತ. ನಾಳೆ ಅವನು ಕುಡಿದು ಬಂದು ಗಲಾಟೆ ಮಾಡಿದರೆ ಡಾಕ್ಟರ ಹೊಣೆ ಯಾರು ಹೊರ್ತಾರೆ?

ರೇಷ್ಮೆಗೂಡು: "ಗಲಾಟೆ"ಗೆ ಹೆದರೋದಾದರೆ ಗಂಡಸಿನ ಆಪರೇಷನ್‌ಗೂ ಹೆಂಡತಿ ಸಹಿ ಕೇಳಿ!

ಚಿಂತಾಮಣಿಯವ: ಗಂಡಸು ಬಂದರೆ ತಾನೇ ಕೇಳೋದು? ಸರ್ಕಾರ ಕೊಡೋ ಪರಿಹಾರ 2007ರ ದರದಲ್ಲೇ ಗಂಡಸಿಗೆ 1,100 ರೂಪಾಯಿ, ಬಿಪಿಎಲ್ ಹೆಂಗಸಿಗೆ 600. ಆದರೂ ಬರಲ್ಲ. ತುರ್ತುಪರಿಸ್ಥಿತಿಯಲ್ಲಿ ಹಿಡಿದು ಕೊಯ್ದದ್ದನ್ನ ಜನ ಮರೆತಿಲ್ಲ.

ಶಿರಾ ಗೌಡ: ತುರ್ತುಪರಿಸ್ಥಿತಿ ಸಬೂಬು ಸಾಕು. ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋಕೆ ಮೈಸೂರು ಸರ್ಕಾರ 1930ರಲ್ಲೇ ಆದೇಶ ಹೊರಡಿಸಿತ್ತು. ಕೋಲಾರ, ತುಮಕೂರು ಆಗ ಮೈಸೂರು ಸಂಸ್ಥಾನದವೇ. ಅಷ್ಟಕ್ಕೂ ರಾಜ್ಯದ ಫಲವತ್ತತೆ ದರ (ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು) 2019–21ರಲ್ಲೇ 1.7ಕ್ಕೆ ಇಳಿದಿತ್ತು. ಯಾರಿಗೂ ಕೊಯ್ಯೋದು ಬೇಡ, ಕಾಪರ್-ಟಿ 380ಎ ಹಾಕಿಸಿದರೆ ಹತ್ತು ವರ್ಷ ಚಿಂತೆಯಿಲ್ಲ. ಅಂತರಾ ಚುಚ್ಚುಮದ್ದೂ ಇದೆ, ಮೂರು ತಿಂಗಳಿಗೊಂದು.

ಜಯಾ: ಗೌಡ್ರೇ, ಅದೂ ಹೆಂಗಸಿನ ಮೈಗೇ!

ಕೋಲಾರದ ಮೇಷ್ಟ್ರು: 1930 ಆಮೇಲೆ ನೋಡೋಣ. ಗಂಡನ ಸಹಿ ಇಲ್ಲದ ಒಂದೇ ಒಂದು ಫಾರಂ ತೋರಿಸಿ.

ಜಯಾ: ರೋಗಿಯ ಫಾರಂ ಇಲ್ಲಿ ಹಾಕಬೇಕಾ? ಖಾಲಿ ಫಾರಂ ತೆಗೆದು ನೋಡಿ, ಗಂಡನ ಸಹಿಗೆ ಜಾಗವೇ ಇಲ್ಲ. ಇರೋದು ಅವಳ ಕಡೆಯ ಸಾಕ್ಷಿಯ ಗೆರೆ. ಅಮ್ಮನೋ ಅಕ್ಕನೋ ಹಾಕಬಹುದು.

ಕೋಲಾರದ ಮೇಷ್ಟ್ರು: ಆ ಗೆರೆ ಮೇಲೆ ಸಹಿ ಹಾಕ್ತಿರೋದು ಯಾರು ಅಂತಲೇ ನಾನು ಕೇಳ್ತಿರೋದು.