ದಿನಾ ಐಡಿಇ ಜೊತೆ ಗುದ್ದಾಟ, ತಪ್ಪು ನಂದಾ ಟೂಲ್‌ದಾ?

ಪ್ರಶ್ನೆ:

ನಮಸ್ಕಾರ ಎಲ್ರಿಗೂ. ಈ ಗುಂಪಲ್ಲಿ ಇಂಟರ್‌ಫೇಸ್ ಡಿಸೈನ್ ಮಾಡೋರು ಇದಾರೆ ಅಂತ ಗೊತ್ತು, ಅವ್ರಿಗೇ ಈ ಪ್ರಶ್ನೆ. ನಾನು ಎಂಟು ವರ್ಷದಿಂದ ಕೋಡ್ ಬರೀತಿದೀನಿ, ಆರು ತಿಂಗಳ ಹಿಂದೆ ಹೊಸ ಟೀಮಿಗೆ ಬಂದೆ, ಇಲ್ಲಿ ಎಲ್ರೂ ಒಂದೇ ಐಡಿಇ (ಕೋಡ್ ಬರೆಯೋಕೆ, ಓಡಿಸೋಕೆ ಎಲ್ಲಾ ಇರೋ ಒಂದೇ ಟೂಲ್) ಬಳಸ್ಬೇಕು, ಅದರ ಹೆಸರು ಬೇಡ. ಅದ್ರಲ್ಲಿ ರನ್ ಮಾಡೋಕೆ ಮೂರು ಬಟನ್, ಮೂರೂ ಹಸಿರು ತ್ರಿಕೋನ, ಒಂದು ಹೋದ ಸಲ ಓಡಿಸಿದ್ದನ್ನೇ ಓಡಿಸುತ್ತೆ, ಒಂದು ಈಗ ತೆರೆದಿರೋ ಫೈಲ್ ಓಡಿಸುತ್ತೆ, ಇನ್ನೊಂದು ಟೆಸ್ಟ್ ಓಡಿಸುತ್ತೆ. ಸೆಟ್ಟಿಂಗ್ಸ್ ಕೂಡ ಮೂರು ಕಡೆ, ಒಂದ್ ಕಡೆ ಬದಲಾಯಿಸಿದ್ರೆ ಇನ್ನೊಂದು ಅದನ್ನ ಸದ್ದಿಲ್ದೆ ಮುಚ್ಚಿಹಾಕುತ್ತೆ, ಯಾವುದು ಗೆದ್ದಿದೆ ಅಂತ ಎಲ್ಲೂ ತೋರ್ಸಲ್ಲ.

ಇದನ್ನೆಲ್ಲ ಸಹಿಸ್ಕೊಂಡಿದ್ದೆ. ನಿನ್ನೆ ಮಾತ್ರ ತಡ್ಕೊಳ್ಳೋಕಾಗ್ಲಿಲ್ಲ. ಬಿಲ್ಡ್ (ಕೋಡನ್ನ ಓಡೋ ಪ್ರೋಗ್ರಾಮ್ ಮಾಡೋದು) ಮುಗೀತು, ಫೋಕಸ್, ಅಂದ್ರೆ ಒತ್ತಿದ ಕೀ ಎಲ್ಲಿಗೆ ಹೋಗುತ್ತೆ ಅನ್ನೋದು, ತಾನಾಗೇ ಎಡಗಡೆ ಫೈಲ್ ಪಟ್ಟಿಗೆ ಹೋಗಿತ್ತು, ನಾನು ಎಡಿಟರಲ್ಲೇ ಇದೀನಿ ಅಂದ್ಕೊಂಡು ಒಂದು ಸಾಲು ಅಳಿಸೋಕೆ ಡಿಲೀಟ್ ಒತ್ತಿದೆ, ಖಾತ್ರಿನಾ ಅಂತ ಡಬ್ಬಿ ಬಂತು, ಕೈ ಅಭ್ಯಾಸಕ್ಕೆ ಎಂಟರ್ ಒತ್ತಿಬಿಡ್ತು. ಪೂರ್ತಿ ಫೈಲೇ ಹೋಯ್ತು. ಹೊಸ ಫೈಲು, ಕಮಿಟ್ ಮಾಡಿರ್ಲಿಲ್ಲ, ಅಂದ್ರೆ ವಾಪಸ್ ತರೋ ಹಾಗೆ ದಾಖಲಿಸಿರ್ಲಿಲ್ಲ, ಎರಡು ಗಂಟೆ ಕೆಲಸ. ಸೀನಿಯರ್ ಹತ್ರ ಹೇಳಿದ್ರೆ "ನೋಡಿ ಒತ್ತಬೇಕಪ್ಪ, ಬಳಸ್ತಾ ಬಳಸ್ತಾ ಅಭ್ಯಾಸ ಆಗುತ್ತೆ" ಅಂದ್ರು. ನಿಜವಾಗ್ಲೂ ನನ್ನ ತಪ್ಪಾ ಇದು?

ಉತ್ತರ:

ಅಲ್ಲ. ಮೊದ್ಲು ಅದನ್ನ ಮನಸ್ಸಿಂದ ತೆಗೀರಿ. ನಾನು ಹತ್ತು ವರ್ಷಕ್ಕಿಂತ ಜಾಸ್ತಿ ಡೆವಲಪರ್ ಟೂಲ್‌ಗಳಿಗೇ ಇಂಟರ್‌ಫೇಸ್ ಮಾಡ್ತಿದೀನಿ, ಅದಕ್ಕೂ ಮುಂಚೆ ಕೋಡ್ ಬರೀತಿದ್ದೆ, ಎರಡೂ ಕಡೆ ಕೂತು ನೋಡಿದೀನಿ, ನೀವು ಹೇಳಿದ್ದು ನೂರಕ್ಕೆ ನೂರು ಡಿಸೈನ್ ದೋಷ.

ನಿನ್ನೆ ಆಗಿದ್ದನ್ನೇ ತಗೊಳ್ಳಿ. ಒಂದೇ ಕೀ, ಎರಡು ಅರ್ಥ. ಎಡಿಟರಲ್ಲಿ ಒತ್ತಿದ್ರೆ ಅಕ್ಷರ ಹೋಗುತ್ತೆ, ಪಟ್ಟಿಯಲ್ಲಿ ಒತ್ತಿದ್ರೆ ಫೈಲ್ ಹೋಗುತ್ತೆ, ಯಾವ ಅರ್ಥ ನಡೀತಿದೆ ಅನ್ನೋದು ಗೊತ್ತಾಗೋಕೆ ಇರೋದು ಒಂದು ತೆಳು ಗೆರೆ ಅಥವಾ ಮಸುಕು ಬಣ್ಣ ಅಷ್ಟೇ. ಹೀಗೆ ಟೂಲ್ ಯಾವ ಸ್ಥಿತಿಯಲ್ಲಿದೆ ಅನ್ನೋದರ ಮೇಲೆ ಕೀ ಅರ್ಥ ಬದಲಾಗೋದಕ್ಕೆ ನಮ್ಮಲ್ಲಿ ಮೋಡ್ ಸಮಸ್ಯೆ ಅಂತಾರೆ, ಐವತ್ತು ವರ್ಷದಷ್ಟು ಹಳೇದು. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಅನ್ನೋ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡ್ತಿದ್ದ ಲ್ಯಾರಿ ಟೆಸ್ಲರ್ ಇದರ ವಿರುದ್ಧ ಜೀವನಪೂರ್ತಿ ಹೋರಾಡಿದ್ರು, ಕಾರಿನ ನಂಬರ್ ಪ್ಲೇಟ್ ಮೇಲೂ ಮೋಡ್ ಬೇಡ ಅಂತಾನೇ ಬರೆಸ್ಕೊಂಡಿದ್ರು. ನಾವು ನೀವು ದಿನಾ ಮಾಡೋ ಕಟ್ ಕಾಪಿ ಪೇಸ್ಟ್ ಹಿಂದೆ ಇರೋದೂ ಅವರೇ. ಬಳಸೋರ ಗಮನ ಕೆಲಸದ ಮೇಲಿರುತ್ತೆ, ಫೋಕಸ್ ಎಲ್ಲಿದೆ ಅನ್ನೋದರ ಮೇಲಲ್ಲ, ಹಾಗಿರೋದೇ ಸರಿ ಕೂಡ. ಅದರಲ್ಲೂ ನೀವು ಏನೂ ಮುಟ್ಟದೆ ಇರುವಾಗ ಟೂಲೇ ಫೋಕಸನ್ನ ಎತ್ಕೊಂಡು ಹೋಗೋದಿದ್ಯಲ್ಲ, ಅದನ್ನ ಯಾವ ಕಾರಣಕ್ಕೂ ಮಾಡಬಾರದು.

ಪೂರ್ತಿ ಮೋಡ್ ಮೇಲೇ ನಡೆಯೋ ವಿಮ್ ಅನ್ನೋ ಎಡಿಟರ್ ಬಗ್ಗೆ ಎಲ್ರೂ ಬೈತಾರೆ. ಅದರಿಂದ ಹೊರಗೆ ಬರೋದು ಹೇಗೆ ಅಂತ ಡೆವಲಪರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕೇಳಿದ ಪ್ರಶ್ನೆಯನ್ನ 2017ರ ಹೊತ್ತಿಗೇ ಹತ್ತು ಲಕ್ಷ ಸಲ ಜನ ನೋಡಿಯಾಗಿತ್ತು, ಅಷ್ಟು ಜನ ದಡ್ಡರಾಗಿರೋಕೆ ಸಾಧ್ಯಾನೇ ಇಲ್ಲ. ಆದ್ರೂ ವಿಮ್ ತನ್ನಲ್ಲಿ ಮೋಡ್ ಇದೆ ಅಂತ ಒಪ್ಕೊಳ್ಳುತ್ತೆ, ಇನ್ಸರ್ಟ್‌ನಲ್ಲಿದೀಯ (ಅಕ್ಷರ ಟೈಪ್ ಮಾಡೋ ಮೋಡ್) ಅಂತ ಕೆಳಗಡೆ ಬರೆದು ತೋರ್ಸುತ್ತೆ. ನಿಮ್ಮ ಐಡಿಇಯಲ್ಲಿ ಮೋಡ್ ಇದೆ, ಒಪ್ಪಿಗೆ ಇಲ್ಲ.

ಇನ್ನು ಆ ಖಾತ್ರಿನಾ ಡಬ್ಬಿ. ಒಂದಲ್ಲಾ ಒಂದು ಕೆಲಸಕ್ಕೆ ದಿನಕ್ಕೆ ನಲವತ್ತು ಸಲ ಅಂಥದ್ದೇ ಡಬ್ಬಿ ಬಂದ್ರೆ ಯಾರೂ ಓದಲ್ಲ, ಎಂಟರ್ ಅನ್ನೋದು ಡಿಲೀಟ್‌ನ ಎರಡನೇ ಅರ್ಧ ಆಗಿಬಿಡುತ್ತೆ, ಬೆರಳು ಎರಡನ್ನೂ ಸೇರಿಸಿ ಒಂದೇ ಕೆಲಸ ಅಂತ ಕಲ್ತ್ಕೊಳ್ಳುತ್ತೆ. ಅಲ್ಲಿ ಬೇಕಿರೋದು ಪ್ರಶ್ನೆಯಲ್ಲ, ಅಂಡೂ, ಅಂದ್ರೆ ಮಾಡಿದ್ದನ್ನ ರದ್ದು ಮಾಡೋ ದಾರಿ. ಕೇಳದೆ ಅಳಿಸಲಿ ಪರವಾಗಿಲ್ಲ, ವಾಪಸ್ ತರೋ ದಾರಿ ಇರ್ಲಿ. 2017ರಲ್ಲೇ ವಿಎಸ್ ಕೋಡ್ ಅನ್ನೋ ಎಡಿಟರಲ್ಲಿ ಒಬ್ರು ಬದಲಾವಣೆ ಎಲ್ಲ ಬಿಟ್ಟುಬಿಡು ಅನ್ನೋದನ್ನ ಒತ್ತಿ, ಕೋಡಿನ ಹಳೇ ಪ್ರತಿಗಳನ್ನ ಇಟ್ಕೊಳ್ಳೋ ಗಿಟ್‌ಗೆ ಸೇರಿಸದೇ ಇದ್ದ ತಿಂಗಳುಗಟ್ಟಲೆ ಕೆಲಸ ಕಳ್ಕೊಂಡ್ರು. ಎಚ್ಚರಿಕೆ ಡಬ್ಬಿ ಅಲ್ಲೂ ಬಂದಿತ್ತು. ಆದ್ರೆ "ಬದಲಾವಣೆ ಬಿಡು" ಅಂದ್ರೆ ಇಲ್ಲಿ "ಫೈಲುಗಳನ್ನೇ ಅಳಿಸು" ಅಂತ ಅರ್ಥ ಅನ್ನೋದು ಆ ಮನುಷ್ಯನಿಗೆ ಹೇಗೆ ಗೊತ್ತಾಗ್ಬೇಕು? ಆಮೇಲೆ ಎಚ್ಚರಿಕೆಯ ಮಾತನ್ನ ಬದಲಾಯಿಸಿದ್ರು. ಆವತ್ತು ತುಂಬಾ ಜನ ಅವರನ್ನ ಗೇಲಿ ಮಾಡಿದ್ದು ನಂಗೆ ಈಗ್ಲೂ ಬೇಜಾರು.

ಮೂರು ಹಸಿರು ಬಟನ್ ಹೇಗೆ ಬರುತ್ತೆ ಅಂದ್ರೆ, ಮೂರು ಬೇರೆ ಬೇರೆ ಟೀಮು ಮೂರು ಬೇರೆ ಬೇರೆ ವರ್ಷ ಹಾಕಿರುತ್ತೆ. ಹೊಸದು ಸೇರಿಸೋಕೆ ಯಾರ ಅಡ್ಡಿನೂ ಇಲ್ಲ, ತೆಗೆಯೋಕೆ ಹೋದ್ರೆ ಅದನ್ನೇ ನಂಬ್ಕೊಂಡಿರೋ ಹತ್ತು ಸಾವಿರ ಜನ ಎದ್ದು ನಿಲ್ತಾರೆ, ಹಂಗಾಗಿ ಎಲ್ಲಾ ಉಳ್ಕೊಳ್ಳುತ್ತೆ. ಜೊತೆಗೆ ಟೂಲ್ ಮಾಡೋರೂ ಡೆವಲಪರ್‌ಗಳೇ ಅಲ್ವಾ, ಅವ್ರಿಗೆ ಒಳಗಿಂದೆಲ್ಲ ಗೊತ್ತು, ಹೊಸಬರು ಎಲ್ಲಿ ಎಡವ್ತಾರೆ ಅನ್ನೋದು ಕಾಣೋದೇ ಇಲ್ಲ.

ಗುಂಪಿನ ಇನ್ನೊಬ್ರು:

ನಮ್ಮಲ್ಲಿ ಬಳಸೋ ಟೂಲ್‌ನ ಹೋದ ವರ್ಷ ರೀಡಿಸೈನ್ ಮಾಡಿದ್ರು, ಐಕಾನ್ ಎಲ್ಲ ಬೂದು ಬಣ್ಣ, ಸಾಲಿನ ಮಧ್ಯೆ ಬರೀ ಖಾಲಿ ಜಾಗ, ಮುಂಚೆ ಪರದೆ ಮೇಲೆ ಅರವತ್ತು ಸಾಲು ಕಾಣ್ತಿತ್ತು ಈಗ ನಲವತ್ತೈದು. ಚೆನ್ನಾಗಿ ಕಾಣುತ್ತೆ ಅಂತಾರೆ, ನಂಗೆ ಕೆಲಸ ನಿಧಾನ ಆಗಿದೆ. ಹಳೇ ಕಾಲದವನು ಅಂತ ಬೈಸ್ಕೊಳ್ತಿದೀನಿ.

ಉತ್ತರ:

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಇದು. ಜನ ದೂರೋದು ಏನು ನಡೀತಿದೆ ಗೊತ್ತಾಗ್ತಿಲ್ಲ ಅಂತ, ಕಂಪನಿ ಬದಲಾಯಿಸೋದು ಬಣ್ಣ. ಮೈಕ್ರೋಸಾಫ್ಟಿನ ಐಡಿಇ ವಿಷುವಲ್ ಸ್ಟುಡಿಯೋ 2012ರಲ್ಲಿ ಇದೇ ಆಗಿತ್ತು, ಬೀಟಾದಲ್ಲಿ ಐಕಾನ್‌ಗಳ ಬಣ್ಣ ಹೆಚ್ಚುಕಮ್ಮಿ ಪೂರ್ತಿ ತೆಗೆದ್ರು, ಆಮೇಲೆ ಮೆನು ಹೆಸರುಗಳನ್ನೆಲ್ಲ ದೊಡ್ಡಕ್ಷರ ಮಾಡಿದ್ರು. ಗಲಾಟೆ ಜೋರಾದ್ಮೇಲೆ ಸ್ವಲ್ಪ ಬಣ್ಣ ವಾಪಸ್ ಬಂತು, ದೊಡ್ಡಕ್ಷರ ತೆಗೆಯೋಕೆ ಜನ ವಿಂಡೋಸ್‌ನ ಒಳಗಿನ ಸೆಟ್ಟಿಂಗ್ಸ್ ಇರೋ ರಿಜಿಸ್ಟ್ರಿಗೇ ಕೈ ಹಾಕ್ಬೇಕಾಯ್ತು. ಕಣ್ಣು ಓದೋಕ್ಕಿಂತ ಮುಂಚೆ ಬಣ್ಣನ, ಆಕಾರನ ಹಿಡಿಯುತ್ತೆ. ಹದಿನಾರು ಐಕಾನ್ ಒಂದೇ ಬೂದು ಆದ್ರೆ ಒಂದೊಂದನ್ನೇ ನಿಂತು ನೋಡ್ಬೇಕು, ಅದಕ್ಕೇ ನಿಮಗೆ ನಿಧಾನ ಆಗಿರೋದು. ಸಾಲು ಕಮ್ಮಿ ಆಗಿದ್ದೂ ಹಾಗೇ, ಕೋಡ್ ಓದೋವಾಗ ಫಂಕ್ಷನ್ ಪೂರ್ತಿ ಒಂದೇ ನೋಟಕ್ಕೆ ಸಿಗೋದು ಬೇರೆ, ಸ್ಕ್ರೋಲ್ ಮಾಡಿ ನೆನಪಲ್ಲಿಟ್ಕೊಳ್ಳೋದು ಬೇರೆ. ವಯಸ್ಸಿನ ಮಾತೇ ಅಲ್ಲ ಇದು. ಸೆಟ್ಟಿಂಗ್ಸಲ್ಲಿ ಕಾಂಪ್ಯಾಕ್ಟ್ ಅಂತ ಏನಾದ್ರೂ ಇದ್ಯಾ ನೋಡಿ.

ಮತ್ತೊಬ್ರು:

ಇದಕ್ಕೇ ನಾನು ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ಬಿಟ್ಟು ಹೊರಗೆ ಬರಲ್ಲ. ಬಟನ್ನೇ ಇಲ್ಲದ ಕಡೆ ಈ ರಗಳೆ ಇರಲ್ಲ.

ಉತ್ತರ:

ಕಮಾಂಡೂ ಇಂಟರ್‌ಫೇಸೇ. ಗಿಟ್ ಚೆಕ್‌ಔಟ್ ನೋಡಿ, ಬ್ರ್ಯಾಂಚ್ (ಕೋಡಿನ ಬೇರೆ ಕವಲು) ಬದಲಾಯಿಸೋಕೂ ಅದೇ, ಫೈಲಲ್ಲಿ ಮಾಡಿದ ಬದಲಾವಣೆ ಅಳಿಸಿ ಹಳೇದು ತರೋಕೂ ಅದೇ, ಒಂದು ಏನೂ ಕೆಡಿಸಲ್ಲ, ಇನ್ನೊಂದು ನಿಮ್ಮ ಕೆಲಸನ ಕೇಳದೇ ನುಂಗುತ್ತೆ. ಮೇಲಿನವರ ಡಿಲೀಟ್ ಕೀ ಕಥೆನೇ ಇದು. 2019ರ ಆಗಸ್ಟಲ್ಲಿ ಗಿಟ್ 2.23ರಲ್ಲಿ ಸ್ವಿಚ್, ರೀಸ್ಟೋರ್ ಅಂತ ಎರಡು ಬೇರೆ ಕಮಾಂಡ್ ಮಾಡಿದ್ರು, ಹೊಸಬರಿಗೆ ದಯವಿಟ್ಟು ಅವನ್ನೇ ಹೇಳ್ಕೊಡಿ. ಒಳ್ಳೇದೂ ಆಗಿದೆ ಟರ್ಮಿನಲಲ್ಲಿ, ಇಲ್ಲ ಅನ್ನಲ್ಲ. ಕೋಡನ್ನ ಪ್ರೋಗ್ರಾಮ್ ಆಗಿ ಬದಲಾಯಿಸೋ ಕಂಪೈಲರ್‌ಗಳನ್ನೇ ನೋಡಿ, ಕ್ಲ್ಯಾಂಗ್ ಅನ್ನೋದು ತಪ್ಪಿರೋ ಸಾಲನ್ನೇ ತೋರ್ಸಿ ಕೆಳಗೆ ಗುರುತು ಹಾಕೋಕೆ ಶುರು ಮಾಡಿದ್ಮೇಲೆ 2013ರಲ್ಲಿ ಜಿಸಿಸಿ ಅನ್ನೋ ಇನ್ನೊಂದು ಕಂಪೈಲರ್‌ನ 4.8ಕ್ಕೂ ಅದು ಬಂತು. ರಸ್ಟ್ ಭಾಷೆಯ ಕಂಪೈಲರ್ ಎರರ್‌ಗಳನ್ನ ಓದಿದ್ರೆ ಪಕ್ಕದಲ್ಲಿ ಯಾರೋ ಕೂತು ತಾಳ್ಮೆಯಿಂದ ಹೇಳ್ಕೊಟ್ಟ ಹಾಗಿರುತ್ತೆ, ಎಲ್ಲಿ ತಪ್ಪು, ಯಾಕೆ ತಪ್ಪು, ಏನು ಮಾಡಿ ನೋಡ್ಬಹುದು, ಮೂರೂ ಇರುತ್ತೆ. ಯಾರೋ ಅದಕ್ಕೆ ಕೂತು ಕೆಲಸ ಮಾಡಿದಾರೆ, ಬಟನ್ ಇಲ್ಲ ಅಂತ ತಾನಾಗೇ ಆಗಿದ್ದಲ್ಲ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್, ಓದಿ ಸಮಾಧಾನ ಆಯ್ತು. ಈಗ ನಾನೇನು ಮಾಡ್ಲಿ? ಟೂಲ್ ಬಿಡೋಕಾಗಲ್ಲ. ಹಿಂದೆ ಒಂದ್ಸಲ "ಯುಐ ತುಂಬಾ ಗೊಂದಲ" ಅಂತ ಟೂಲ್ ಮಾಡೋರಿಗೆ ಇಶ್ಯೂ (ದೂರು) ಹಾಕಿದ್ದೆ, ಉತ್ತರನೇ ಇಲ್ದೆ ಕ್ಲೋಸ್ ಮಾಡಿದ್ರು.

ಉತ್ತರ:

ಮೊದ್ಲು ಆ ಫೈಲ್. ನಿಮ್ಮ ಐಡಿಇಯಲ್ಲಿ ಲೋಕಲ್ ಹಿಸ್ಟರಿ ಇದ್ಯಾ ನೋಡಿ, ಇಂಟೆಲಿಜೆ ಅನ್ನೋ ಐಡಿಇಯಲ್ಲಿ ಮುಂಚಿಂದಾನೂ ಇದೆ, ವಿಎಸ್ ಕೋಡಲ್ಲಿ 2022ರಿಂದ ಇದೆ, ಗಿಟ್‌ಗೂ ಅದಕ್ಕೂ ಸಂಬಂಧ ಇಲ್ಲ, ಸೇವ್ ಮಾಡಿದಾಗೆಲ್ಲ ಒಂದು ಪ್ರತಿ ಇಟ್ಕೊಂಡಿರುತ್ತೆ. ಫೈಲೇ ಹೋಗಿರೋದ್ರಿಂದ ಅದಿದ್ದ ಫೋಲ್ಡರ್ ಮೇಲೆ ಹುಡುಕಿ. ಆಮೇಲೆ ಕೀಬೋರ್ಡ್ ಸೆಟ್ಟಿಂಗ್ಸಿಗೆ ಹೋಗಿ ಫೈಲ್ ಪಟ್ಟಿಯಲ್ಲಿ ಡಿಲೀಟ್ ಕೀನ ಕಿತ್ತುಹಾಕಿ, ಫೈಲ್ ಅಳಿಸೋದು ದಿನಕ್ಕೆ ಒಂದ್ಸಲವೋ ಎರಡ್ಸಲವೋ, ಮೌಸಲ್ಲೇ ಆಗ್ಲಿ. ಫೋಕಸ್ ಗೆರೆಯ ಬಣ್ಣ ಬದಲಾಯಿಸೋಕೆ ಬಿಟ್ರೆ ದಪ್ಪ ಕಿತ್ತಳೆ ಮಾಡ್ಕೊಳ್ಳಿ, ನಾನೂ ಹಾಗೇ ಇಟ್ಕೊಂಡಿದೀನಿ.

ಇಶ್ಯೂ ಬಗ್ಗೆ. "ಯುಐ ಗೊಂದಲ" ಅಂದ್ರೆ ಅದನ್ನ ತಗೊಂಡು ಏನ್ ಮಾಡ್ಬೇಕು ಅಂತ ಆ ಕಡೆಯವರಿಗೆ ತಿಳಿಯಲ್ಲ, ನಾನು ಆ ಕುರ್ಚಿಯಲ್ಲಿ ಕೂತಿದೀನಿ, ಅದಕ್ಕೇ ಹೇಳ್ತಿದೀನಿ. ನೀವು ಇಲ್ಲಿ ನಮಗೆ ಹೇಳಿದ್ರಲ್ಲ, ಬಿಲ್ಡ್ ಮುಗೀತು, ಫೋಕಸ್ ಪಟ್ಟಿಗೆ ಹೋಯ್ತು, ಸಾಲು ಅಳಿಸೋಕೆ ಡಿಲೀಟ್ ಒತ್ತಿದೆ, ಫೈಲ್ ಹೋಯ್ತು, ಅದನ್ನೇ ಅದೇ ಕ್ರಮದಲ್ಲಿ ಬರೀರಿ. ಸ್ಕ್ರೀನ್ ರೆಕಾರ್ಡ್ ಮಾಡಿ ಹಾಕಿ, ಹದಿನೈದು ಸೆಕೆಂಡ್ ಸಾಕು. ಮೂರು ಬಟನ್ನು, ಸೆಟ್ಟಿಂಗ್ಸು ಎಲ್ಲ ಒಂದರಲ್ಲೇ ತುರುಕ್ಬೇಡಿ, ಬೇರೆ ಬೇರೆ ಹಾಕಿ. ಬಿಲ್ಡ್ ಮುಗಿದಾಗ ಫೋಕಸ್ ಕದಿಯೋದೊಂದೇ ಸರಿ ಹೋದ್ರೂ ನಿಮ್ಮಂಥ ಎಷ್ಟು ಜನ ಉಳ್ಕೊಳ್ತಾರೆ.

ಪ್ರಶ್ನೆ ಕೇಳಿದವರು:

ಲೋಕಲ್ ಹಿಸ್ಟರಿಯಲ್ಲಿ ಸಿಕ್ತು! ಕೊನೇ ಇಪ್ಪತ್ತು ನಿಮಿಷದ್ದು ಮಾತ್ರ ಇಲ್ಲ, ಅದು ಬರ್ಕೋಬಹುದು. ಆರು ತಿಂಗಳಿಂದ ಈ ಮೆನು ಅಲ್ಲೇ ಇತ್ತು, ರೈಟ್ ಕ್ಲಿಕ್ ಮಾಡಿದ್ರೆ ಮೂವತ್ತೊಂದು ಸಾಲು ಬರುತ್ತೆ, ಅದರಲ್ಲಿ ಇಪ್ಪತ್ತೆಂಟನೇದು. ಇಶ್ಯೂ ಬರೀತಾ ಇದೀನಿ. ಒಂದೇ ಅನುಮಾನ, ಖಾತ್ರಿನಾ ಅಂತ ಕೇಳಿದಾಗ ನಾನೇ ಓದದೆ ಎಂಟರ್ ಒತ್ತಿದ್ದು, ಅದನ್ನ ಬರೀಬೇಕಾ ಬೇಡ್ವಾ? ಬರೆದ್ರೆ ನನ್ನದೇ ತಪ್ಪು ಅಂತ ಕ್ಲೋಸ್ ಮಾಡ್ತಾರೇನೋ.

ಉತ್ತರ:

ಬರೀರಿ, ಅದನ್ನಂತೂ ಬಿಡ್ಲೇಬೇಡಿ. ಅವರ ಡಬ್ಬಿ ಕೆಲಸ ಮಾಡ್ತಿಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಇರೋ ಸಾಕ್ಷಿ ಆ ಒಂದು ಸಾಲೇ. ರೈಟ್ ಕ್ಲಿಕ್ಕಿನ ಇಪ್ಪತ್ತೆಂಟನೇ ಸಾಲಿನದೂ ಇನ್ನೊಂದು ಇಶ್ಯೂ ಹಾಕಿ, ಎರಡರ ಲಿಂಕೂ ಇಲ್ಲೇ ಕೊಡಿ, ಆ ಟೂಲ್ ಬಳಸೋರು ಯಾರ್ಯಾರಿದೀರೋ ಹೋಗಿ ನಿಮಗಾಗಿದ್ದನ್ನೂ ಕೆಳಗೆ ಬರೀರಿ.