ತೆರುವವರು ಯಾರು, ಭರಿಸುವವರು ಯಾರು: ಒಂದು ಪದಸಂದೇಹ

ಬಳಗದ ಎಲ್ಲರಿಗೂ ಉಡುಪಿಯಿಂದ ವಂದನೆಗಳು.

ಹವಾಮಾನ ಬದಲಾವಣೆಯ ಕುರಿತಾದ ಒಂದು ಕಿರುಪುಸ್ತಕದ ಕರಡು ತಿದ್ದುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂತು. ಅದರಲ್ಲಿ ‘ಪೊಲ್ಯೂಟರ್ ಪೇಸ್’ ಎಂಬ ತತ್ತ್ವವನ್ನು ಅನುವಾದಕರು ‘ಮಾಲಿನ್ಯಕಾರಕವೇ ಪಾವತಿಸತಕ್ಕದ್ದು’ ಎಂದು ಬರೆದಿದ್ದರು. ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಮಾಲಿನ್ಯಕಾರಕವೆಂದರೆ ಹೊಗೆ, ಹಾರುಬೂದಿ ಮುಂತಾದ ವಸ್ತುಗಳೇ ಹೊರತು ಅವನ್ನು ಹೊರಬಿಟ್ಟವರಲ್ಲ. ಈ ವಾಕ್ಯದ ಪ್ರಕಾರ ಹೊಗೆಯೇ ಸಾಲಿನಲ್ಲಿ ನಿಂತು ಹಣ ಕಟ್ಟಬೇಕಾಗುತ್ತದೆ. ನಾನು ‘ಕೆಡಿಸಿದವರೇ ತೆರಬೇಕು’ ಎಂದು ತಿದ್ದಿದೆ. ‘ದಂಡ’ ಎಂಬ ಪದ ಇಲ್ಲಿ ಸಾಲದು. ಏಕೆಂದರೆ ವೆಲ್ಲೂರಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಈ ತತ್ತ್ವವನ್ನು ನಮ್ಮ ಕಾನೂನಿನ ಭಾಗವೆಂದು ಒಪ್ಪಿಕೊಂಡಾಗ, ನೊಂದವರಿಗೆ ಸಲ್ಲಬೇಕಾದ ಹಣದ ಜೊತೆಗೆ ಕೆಟ್ಟ ಪರಿಸರವನ್ನು ಸರಿಪಡಿಸುವ ಖರ್ಚೂ ಕೆಡಿಸಿದವರದೇ ಎಂದಿತ್ತು.

ನಿಜವಾದ ಸಂದೇಹ ಹುಟ್ಟಿದ್ದು ಆಮೇಲೆ. ಕರಡಿನಲ್ಲಿ ಒಂದು ಕಡೆ ‘ತೆರು’ ಎಂದೂ ಇನ್ನೊಂದು ಕಡೆ ‘ಭರಿಸು’ ಎಂದೂ ಇತ್ತು. ಒಂದನ್ನೇ ಉಳಿಸೋಣವೆಂದು ಹೊರಟವನಿಗೆ ಅದು ಸಾಧ್ಯವಾಗಲಿಲ್ಲ. ನನ್ನ ಕಿವಿಗೆ ತೆರುವುದೆಂದರೆ ಹಣವನ್ನು ಎಣಿಸಿ ಕೊಡುವುದು, ಭರಿಸುವುದೆಂದರೆ ಅದರ ಭಾರವನ್ನು ಕೊನೆಗೆ ಹೊರುವುದು. ಭೂಸುಧಾರಣೆಗೆ ಮೊದಲು ನಮ್ಮ ಕಡೆ ಸರಕಾರಕ್ಕೆ ತೀರ್ವೆ, ಅಂದರೆ ಭೂಕಂದಾಯ, ತೆರುತ್ತಿದ್ದವರು ಧಣಿಗಳು. ಆದರೆ ಆ ಹಣ ಒಕ್ಕಲು ಗೇಣಿಯಾಗಿ ಹೊತ್ತು ತಂದ ಅಕ್ಕಿಮುಡಿಯಿಂದ ಹುಟ್ಟುತ್ತಿತ್ತು. ರಶೀದಿ ಧಣಿಯ ಹೆಸರಿಗೆ, ಮುಡಿ ಒಕ್ಕಲಿನ ತಲೆಗೆ.

ಇಂಗಾಲದ ಲೆಕ್ಕದಲ್ಲಿಯೂ ಇದೇ ನಡೆಯುತ್ತದೆ. ಕಲ್ಲಿದ್ದಲಿನ ಮೇಲೆ ಕೇಂದ್ರ ಸರಕಾರ 2010ರಲ್ಲಿ ಟನ್ನಿಗೆ 50 ರೂಪಾಯಿಯ ಸೆಸ್ ಹಾಕಿ, 2016ರಲ್ಲಿ ಅದನ್ನು 400 ರೂಪಾಯಿಗೆ ಏರಿಸಿತು. ತೆತ್ತವರು ಗಣಿಯವರು ಮತ್ತು ಹೊರದೇಶದಿಂದ ತರಿಸಿಕೊಂಡವರು. ಆದರೆ ಇಂಧನದ ಖರ್ಚು ಏರಿದರೆ ಅದು ವಿದ್ಯುತ್ ದರಕ್ಕೆ ಇಳಿಯುತ್ತದೆ. ಕಚೇರಿಯ ಕರೆಂಟು ಬಿಲ್ಲನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ: ಅಕ್ಷರ ಮಾಸತೊಡಗಿದ ಆ ಉದ್ದನೆಯ ತೆಳು ಕಾಗದದಲ್ಲಿ ಇಂಧನ ಹೊಂದಾಣಿಕೆಯ ಶುಲ್ಕಕ್ಕೂ ಒಂದು ಸಾಲು ಇದೆ. ಹಾಗಿರುವಾಗ ‘ಕೆಡಿಸಿದವರೇ ತೆರಬೇಕು’ ಎಂಬ ನನ್ನ ತಿದ್ದುಪಡಿ ವ್ಯಾಕರಣಕ್ಕೆ ಸರಿ, ನ್ಯಾಯಕ್ಕೆ ಅರ್ಧ ಮಾತ್ರ ಸರಿ. ‘ಭರಿಸಬೇಕು’ ಎಂದರೆ ಅರ್ಥ ಪೂರ್ಣವಾಗುತ್ತದೆ, ಆದರೆ ಕಾನೂನು ಅಷ್ಟು ದೂರ ಹಿಂಬಾಲಿಸಿ ಹೋಗುವುದಿಲ್ಲ. (ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಅಂಚಿನಲ್ಲಿ ಗೀಚಿ, ಆಮೇಲೆ ಅಳಿಸಿದೆ.)

ಇನ್ನೊಂದು ತೊಡಕು ‘ಪರಿಹಾರ’. ಹವಾಮಾನ ಬದಲಾವಣೆಯಿಂದ ನೊಂದ ಬಡ ದೇಶಗಳಿಗಾಗಿ 2022ರಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಒಪ್ಪಿದ ‘ನಷ್ಟ ಮತ್ತು ಹಾನಿ’ ನಿಧಿಯನ್ನು ಈ ಕರಡು ‘ಪರಿಹಾರ ನಿಧಿ’ ಎಂದು ಕರೆಯುತ್ತದೆ. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರಿಗೆ ಸರಕಾರ ಕೊಡುವುದು ಪರಿಹಾರವೇ, ಮತ್ತು ಅಲ್ಲಿ ಯಾರೂ ಸರಕಾರವನ್ನು ತಪ್ಪಿತಸ್ಥನೆಂದು ತಿಳಿಯುವುದಿಲ್ಲ. ಆದರೆ ಬಸ್ಸು ಗುದ್ದಿದವನು ಕೊಡುವುದೂ ಪರಿಹಾರವೇ. ಪ್ಯಾರಿಸ್ ಒಪ್ಪಂದದೊಡನೆ 2015ರಲ್ಲಿ ಆದ ನಿರ್ಣಯ ಈ ಎರಡನೆಯ ಅರ್ಥಕ್ಕೆ ಬಾಗಿಲು ಹಾಕಿದೆ: ನಷ್ಟ ಮತ್ತು ಹಾನಿಯ ವಿಧಿಯು ಯಾವುದೇ ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರವಾಗದು ಎಂದು ಅದರಲ್ಲಿ ಬರೆದೇ ಇದೆ. ‘ನೆರವು’ ಎಂದರೆ ಕೊಟ್ಟವರು ದಾನಿಗಳಾಗಿಬಿಡುತ್ತಾರೆ. ನಮ್ಮ ಆಡುಮಾತಿನ ‘ನಷ್ಟ ಕಟ್ಟಿಕೊಡು’ ನನಗೆ ಇಷ್ಟ. ಆದರೆ ಅದು ಬೊಟ್ಟುಮಾಡಿ ತೋರಿಸುವ ಮಾತು, ಸಿರಿವಂತ ದೇಶಗಳು ಸಹಿ ಹಾಕಲೊಪ್ಪದ್ದು ಅದಕ್ಕೇ. ಸದ್ಯಕ್ಕೆ ‘ನಷ್ಟ ಮತ್ತು ಹಾನಿ ನಿಧಿ’ ಎಂದೇ ಉಳಿಸಿದ್ದೇನೆ.

ಒಬ್ಬರು ತೆತ್ತು ಇನ್ನೊಬ್ಬರು ಭರಿಸುವ ಈ ವ್ಯವಸ್ಥೆಗೆ ಒಂದೇ ಪದ ಕುಂದಗನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಬಳಕೆಯಲ್ಲಿದೆಯೇ? ಹಳೆಯ ಗೇಣಿಚೀಟಿಗಳನ್ನು ಓದಿದವರು ಬಳಗದಲ್ಲಿದ್ದರೆ, ತೀರ್ವೆ ಯಾರ ತಲೆಗೆ ಎಂಬುದನ್ನು ಅವುಗಳಲ್ಲಿ ಯಾವ ಕ್ರಿಯಾಪದದಿಂದ ಹೇಳಿದೆ ಎಂದು ತಿಳಿಸಬೇಕಾಗಿ ವಿನಂತಿ.